ಅಲ್ಯೂಮಿನಿಯಂ ಬೆಸುಗೆಗೆ 200 ಆಂಪಿಯರ್ ಎಸಿ/ಡಿಸಿ ಟಿಗ್ ಯಂತ್ರ: ಎಂಟು ತಿಂಗಳ ಬಳಕೆಯ ನಂತರ

ನನ್ನ ಯಮಹಾ ಆರ್‌ಎಕ್ಸ್ 100 ಬೈಕಿನಲ್ಲಿ ಕಾರ್ಬುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಭಾಗ ಮೂರನೆಯ ಸಲ ಬಿರುಕುಬಿಟ್ಟಾಗ, ಅದರ ಜಾಗಕ್ಕೆ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ (ಜೋಡಣೆಯ ಕೊಳವೆ) ಒಂದನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂದು ತೀರ್ಮಾನಿಸಿದೆ. ಆರ್ಗಾನ್ ವೆಲ್ಡಿಂಗ್ (ಇದೇ ಟಿಗ್: ಆರ್ಗಾನ್ ಅನಿಲದ ರಕ್ಷಣೆಯಲ್ಲಿ, ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಹೊಮ್ಮುವ ಆರ್ಕ್ ಎಂಬ ವಿದ್ಯುತ್ ಕಿಡಿಯಿಂದ ಲೋಹ ಕರಗಿಸಿ ಬೆಸೆಯುವ ವಿಧಾನ) ಅಂಗಡಿಯಲ್ಲಿ ಈ ಕೆಲಸವನ್ನು ಚೆನ್ನಾಗಿಯೇ ಮಾಡಿಕೊಡುತ್ತಾರೆ. ಆದರೆ ಕೊಳವೆಯ ಕೋನವನ್ನು ಸ್ವಲ್ಪ ಬದಲಿಸಿ ನೋಡಬೇಕೆನಿಸಿದಾಗಲೆಲ್ಲ ಅಲ್ಲಿಗೆ ಹೋಗಿ ಸರದಿ ಕಾಯುವುದು ನನ್ನಿಂದಾಗಲಿಲ್ಲ. ಕೊನೆಗೆ ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಎರಡು ದಿನ ವಿಚಾರಿಸಿ, ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ನಡೆಯುವ 200 ಆಂಪಿಯರ್ ಇನ್ವರ್ಟರ್ ಟಿಗ್ ಯಂತ್ರವೊಂದನ್ನು ಸುಮಾರು 65 ಸಾವಿರ ರೂಪಾಯಿಗೆ ಕೊಂಡೆ. ಇದೇ ಮಾದರಿಯ ಯಂತ್ರಗಳು ಹಲವು ಹೆಸರುಗಳಲ್ಲಿ ಸಿಗುವುದರಿಂದ, ಹೆಸರಿಗಿಂತ ಅದರಲ್ಲಿ ಏನೇನು ಇರಬೇಕು ಎಂಬುದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಯಂತ್ರ ಎಸಿ (ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್) ಕೊಡುವಂಥದ್ದಾಗಿರಲೇಬೇಕು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರ ಮೈಮೇಲೆ ಸದಾ ಇರುವ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಆ ಪದರ ಹಾಗೇ ಉಳಿದರೆ, ಕೆಳಗಿನ ಲೋಹ ಕರಗಿದ್ದರೂ ಎರಡು ಅಂಚುಗಳು ಒಂದಾಗುವುದಿಲ್ಲ. ಎಸಿಯಲ್ಲಿ ಟಂಗ್‌ಸ್ಟನ್ ಧನಾತ್ಮಕವಾಗಿರುವ ಅರ್ಧ ಆವರ್ತನ ಈ ಪದರವನ್ನು ಒಡೆದು ತೆಗೆಯುತ್ತದೆ, ಋಣಾತ್ಮಕವಾಗಿರುವ ಅರ್ಧ ಲೋಹಕ್ಕೆ ಶಾಖ ಕೊಡುತ್ತದೆ. ಇವೆರಡರ ಪಾಲನ್ನು ಹೊಂದಿಸುವ ‘ಬ್ಯಾಲೆನ್ಸ್’ ಗುಂಡಿ ಈ ಯಂತ್ರದಲ್ಲಿದೆ. ನಾನು ಋಣಾತ್ಮಕ ಪಾಲನ್ನು ಶೇ. 70ರ ಆಸುಪಾಸಿನಲ್ಲಿ, ಫ್ರೀಕ್ವೆನ್ಸಿಯನ್ನು 100 ಹರ್ಟ್ಸ್‌ನಲ್ಲಿ ಇಟ್ಟುಕೊಂಡಿದ್ದೇನೆ. ಕಡಿಮೆ ಬೆಲೆಗೆ ಸಿಗುವ, ‘ಟಿಗ್’ ಎಂದು ಬರೆದಿರುವ ಅನೇಕ ಪುಟ್ಟ ಯಂತ್ರಗಳು ಡಿಸಿ ಮಾತ್ರ ಕೊಡುತ್ತವೆ. ಅವು ಸ್ಟೀಲಿಗೆ ಸಾಕು, ಈ ಕೆಲಸಕ್ಕಲ್ಲ.

ಎರಡನೆಯದು ಕರೆಂಟನ್ನು ಏರಿಸಿ ಇಳಿಸುವ ಕಾಲಿನ ಪೆಡಲ್. ಅಲ್ಯೂಮಿನಿಯಂ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ ಆರಂಭದಲ್ಲಿ ಹೆಚ್ಚು ಕರೆಂಟ್ ಬೇಕು. ಇಡೀ ತುಂಡು ಕಾದ ಮೇಲೆ ಅದೇ ಕರೆಂಟಿಗೆ ತೂತು ಬೀಳುತ್ತದೆ. 3 ಮಿಲಿಮೀಟರ್ ತಗಡಿಗೆ ನಾನು 120 ಆಂಪಿಯರಿನಿಂದ ಶುರುಮಾಡಿ, ಬೆಸುಗೆಯ ಗೆರೆ ಮುಗಿಯುವ ಹೊತ್ತಿಗೆ 90ಕ್ಕೆ ಇಳಿಸುತ್ತೇನೆ. ಟಾರ್ಚಿನ ಗುಂಡಿಯೊಂದರಿಂದ ಇದನ್ನು ಕಲಿಯುವುದು ಬಹಳ ಕಷ್ಟ. ನನಗೆ ಪೆಡಲನ್ನು ಪ್ರತ್ಯೇಕವಾಗಿ ಮಾರಿದರು. ಅಷ್ಟು ಬೆಲೆಯ ಯಂತ್ರದ ಜೊತೆಗೇ ಅದನ್ನು ಕೊಡಬೇಕಿತ್ತು.

ಮೂರು ವಾರ ನಾನು ಮ್ಯಾನಿಫೋಲ್ಡಿನ ಕೆಲಸಕ್ಕೇ ಕೈಹಾಕಲಿಲ್ಲ. ಸಂಜೆ ಹೊತ್ತು ತುಂಡು ತಗಡುಗಳ ಮೇಲೆ ಬರೀ ಗೆರೆ ಎಳೆದೆ. ಸ್ಟೀಲಿನಂತೆ ಅಲ್ಯೂಮಿನಿಯಂ ಕೆಂಪಗಾಗಿ ಮುನ್ಸೂಚನೆ ಕೊಡುವುದಿಲ್ಲ. ಬೂದುಬಣ್ಣದ ಮೈ ಒಂದು ಕ್ಷಣ ಬೆವರಿದಂತೆ ಕಾಣುತ್ತದೆ, ಮರುಕ್ಷಣ ಪಾದರಸದ ಬಿಂದುವಿನ ಹಾಗೆ ಫಳಕ್ಕನೆ ಹೊಳೆಯುತ್ತದೆ. ಬೆಸುಗೆಗೆ ಲೋಹ ತುಂಬುವ ರಾಡ್ ಕೊಡಬೇಕಾದ್ದು ಆಗ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದ ನೆರೆಯ ಹಿರಿಯರೊಬ್ಬರು ಒಂದು ಸಂಜೆ ನನ್ನ ಹಿಂದೆ ನಿಂತು ನೋಡಿ, “ಮೊದ್ಲು ನೀರಾಗ್ಲಿ ಸಾರ್, ಆಮೇಲೆ ರಾಡ್ ಕೊಡಿ” ಎಂದರು. ಆ ಒಂದು ಮಾತಿನಿಂದ ನನ್ನ ಕೈ ತಿದ್ದಿಕೊಂಡಿತು. ಅಲ್ಲಿಯವರೆಗೆ ನಾನು ರಾಡನ್ನು ಆರ್ಕಿನಲ್ಲಿ ಕರಗಿಸಿ ಮೇಲೆ ಅಂಟಿಸುತ್ತಿದ್ದೆನೇ ಹೊರತು ಬೆಸೆಯುತ್ತಿರಲಿಲ್ಲ.

ಯಂತ್ರದ ಮೇಲಿನ ನನ್ನ ದೊಡ್ಡ ದೂರು ಅದರೊಂದಿಗೆ ಬಂದ ಗ್ಯಾಸ್ ಪೈಪಿನದು. ಎರಡನೆಯ ತಿಂಗಳಲ್ಲಿ ಇದ್ದಕ್ಕಿದ್ದಂತೆ ಬೆಸುಗೆಯ ಸುತ್ತ ಕಪ್ಪು ಮಸಿ ಕೂರತೊಡಗಿತು, ಒಳಗೆಲ್ಲ ಸೂಜಿಮೊನೆಯಷ್ಟು ರಂಧ್ರಗಳು. ನಾನು ಕೈಯನ್ನು ಅನುಮಾನಿಸಿದೆ, ಅಸಿಟೋನಿನಲ್ಲಿ ಮತ್ತೆ ಮತ್ತೆ ಒರೆಸಿದೆ, ಅಲ್ಯೂಮಿನಿಯಂಗೆಂದೇ ಇಟ್ಟಿದ್ದ ಸ್ಟೇನ್‌ಲೆಸ್ ಬ್ರಷ್ಷನ್ನೂ ಬದಲಿಸಿದೆ, ಸಿಲಿಂಡರಿನ ಆರ್ಗಾನ್ ಶುದ್ಧವಿಲ್ಲವೇನೋ ಎಂದು ವ್ಯಾಪಾರಿಯನ್ನೂ ಕೇಳಿದೆ. ಮೂರನೆಯ ದಿನ ಯಂತ್ರದ ಹಿಂಬದಿಯ ಜೋಡಣೆಗೆ ಸೋಪಿನ ನೀರು ಹಚ್ಚಿದಾಗ ಸಣ್ಣ ಗುಳ್ಳೆಗಳು ಎದ್ದವು. ನಿಮಿಷಕ್ಕೆ 9 ಲೀಟರ್ ಹರಿವು ಎಂದು ಮೀಟರ್ ತೋರಿಸುತ್ತಿದ್ದರೂ ಅದರಲ್ಲೊಂದು ಪಾಲು ಟಾರ್ಚಿಗೆ ತಲುಪುವ ಮೊದಲೇ ಹೊರಗೆ ಹೋಗುತ್ತಿತ್ತು. ಒಳ್ಳೆಯ ಪೈಪ್ ಮತ್ತು ಕ್ಲಿಪ್ ಹಾಕಿದ ಮೇಲೆ ಮಸಿ ಮತ್ತೆ ಕಾಣಿಸಲಿಲ್ಲ.

ಇನ್ನು ಮ್ಯಾನಿಫೋಲ್ಡಿನ ವಿಷಯ. 6061 ದರ್ಜೆಯ 8 ಮಿಲಿಮೀಟರ್ ಅಲ್ಯೂಮಿನಿಯಂ ಪಟ್ಟಿಯಲ್ಲಿ ಫ್ಲ್ಯಾಂಜ್ (ಎಂಜಿನ್ನಿಗೆ ಒತ್ತಿ ಕೂರುವ ಚಪ್ಪಟೆ ಭಾಗ) ಕತ್ತರಿಸಿ, 3 ಮಿಲಿಮೀಟರ್ ದಪ್ಪದ ಕೊಳವೆಗೆ 4043 ಫಿಲ್ಲರ್ ರಾಡಿನಿಂದ ಬೆಸೆದೆ. ಮೆಗ್ನೀಸಿಯಂ ಹೆಚ್ಚಿರುವ 5356 ರಾಡ್ ಸದಾ ಬಿಸಿಯಿರುವ ಜಾಗಕ್ಕೆ ಸೂಕ್ತವಲ್ಲ. ದಪ್ಪ ಫ್ಲ್ಯಾಂಜ್ ಶಾಖವನ್ನೆಲ್ಲ ನುಂಗುತ್ತದೆ, ಆದ್ದರಿಂದ ಆರ್ಕನ್ನು ಹೆಚ್ಚು ಹೊತ್ತು ಅದರ ಕಡೆಗೇ ತಿರುಗಿಸಿರಬೇಕು. ಹಾಗೆ ಮಾಡಿದರೂ ಬೆಸುಗೆ ಆರಿದಾಗ ಫ್ಲ್ಯಾಂಜ್ ಬಾಗಿತ್ತು. ಗಾಜಿನ ಮೇಲಿಟ್ಟು ನೋಡಿದರೆ ನಡುವೆ 0.15 ಮಿಲಿಮೀಟರ್ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ತೂರಿತು. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಇಲ್ಲಿಂದ ಗಾಳಿ ಒಳಸೋರಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ, ಪಿಸ್ಟನ್ ಅತಿಯಾಗಿ ಕಾದು ಜಾಮ್ ಆಗಬಹುದು. ಅದೇ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಸಮತಟ್ಟಾಗುವವರೆಗೆ ಉಜ್ಜಿದೆ. ಬಳಿಕ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ ನೋಡಿ ನಂತರವೇ ಎಂಜಿನ್ನಿಗೆ ಕೂರಿಸಿದೆ. ಕಾರ್ಬುರೇಟರ್ ಕಡೆಗೆ ಮಾತ್ರ ಚಿಕ್ಕ ರಬ್ಬರ್ ತೋಳನ್ನು ಉಳಿಸಿಕೊಂಡಿದ್ದೇನೆ. ಇಲ್ಲದಿದ್ದರೆ ನಡುಕ ನೇರವಾಗಿ ತಟ್ಟಿ ಫ್ಲೋಟ್ ಚೇಂಬರಿನ ಪೆಟ್ರೋಲ್ ನೊರೆಯೇಳುತ್ತದೆ.

ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತಿರುವ ಮುಖ್ಯ ಜೆಟ್ಟನ್ನು ಒಂದು ಅಳತೆ ಹೆಚ್ಚಿಸಿದ ಮೇಲೆ ಪ್ಲಗ್ಗಿನ ತುದಿ ಹದವಾದ ಕಂದುಬಣ್ಣಕ್ಕೆ ಬಂತು. ಮಧ್ಯಮ ವೇಗದಲ್ಲಿ ಎಳೆತ ಮೊದಲಿಗಿಂತ ಸರಾಗವೆನಿಸುತ್ತದೆ; ಎಂಜಿನ್ನಿನ ಶಕ್ತಿ ಅಳೆಯುವ ಡೈನೋದಲ್ಲಿ ಅಳೆಸಿಲ್ಲವಾದ್ದರಿಂದ ಇಷ್ಟು ಅಶ್ವಶಕ್ತಿ ಹೆಚ್ಚಿತೆಂದು ಹೇಳಲಾರೆ. ಈ ಎಂಜಿನ್ನನ್ನು ನಾನು ಖಾಸಗಿ ಜಾಗದಲ್ಲಿ ಮಾತ್ರ ಓಡಿಸುತ್ತೇನೆ. ರಸ್ತೆಗಿಳಿಸುವವರು ವಾಹನದ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಮೊದಲು ಓದಿಕೊಳ್ಳಬೇಕು.

ಕೊಳ್ಳುವವರು ಮನೆಯ ವೈರಿಂಗನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನನ್ನ ಮನೆಯ 16 ಆಂಪಿಯರ್ ಸಾಕೆಟ್ಟಿನಲ್ಲಿ ಯಂತ್ರ ಪದೇಪದೇ ಎಂಸಿಬಿ ಬೀಳಿಸಿದ್ದರಿಂದ, ಎಲೆಕ್ಟ್ರಿಷಿಯನ್ ಬಂದು ಒಳ್ಳೆಯ ಅರ್ಥಿಂಗ್ ಸಮೇತ ಪ್ರತ್ಯೇಕ 32 ಆಂಪಿಯರ್ ಲೈನ್ ಎಳೆದುಕೊಟ್ಟರು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಜಿಡ್ಡು ತೆಗೆಯಲು ಕ್ಲೋರಿನ್ ಬೆರೆತ ಬ್ರೇಕ್ ಕ್ಲೀನರ್ ಬಳಸಲೇಬೇಡಿ. ಅದರ ಆವಿ ಆರ್ಕಿನ ಶಾಖ ಮತ್ತು ಕಿರಣಗಳಿಗೆ ಸಿಕ್ಕರೆ ಫಾಸ್ಜೀನ್ ಎಂಬ ಮಾರಕ ವಿಷಾನಿಲವಾಗಬಲ್ಲದು.

ಯಂತ್ರದ ಒಳಭಾಗ ಇಲ್ಲಿಯವರೆಗೆ ಒಂದು ದಿನವೂ ಕೈಕೊಟ್ಟಿಲ್ಲ, 60 ಆಂಪಿಯರಿನಲ್ಲೂ ಆರ್ಕ್ ಅಲುಗದೆ ನಿಲ್ಲುತ್ತದೆ. ಹಾಗಾಗಿ ಈ ಮಾದರಿಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಯಂತ್ರಕ್ಕೆಂದು ಎತ್ತಿಟ್ಟ ಹಣದಲ್ಲೇ ಪೆಡಲ್, ಗ್ಯಾಸ್ ಪೈಪ್, ಸಿಲಿಂಡರಿನ ಠೇವಣಿ ಮತ್ತು ಅಭ್ಯಾಸದ ತಗಡಿಗೂ ಪಾಲಿಟ್ಟುಕೊಳ್ಳಿ. ನನ್ನ ಮೊದಲ ಸಿಲಿಂಡರ್ ಪೂರ್ತಿ ಅಭ್ಯಾಸಕ್ಕೇ ಖರ್ಚಾಯಿತು.