ಮನೆಸಾಲದ ಕಂತಿಗೆ ಚಿನ್ನವಾ, ಬ್ಯಾಂಕಿನ ವಿನಾಯಿತಿಯಾ, ಬಾಡಿಗೆಯಾ?

ಮನೆಸಾಲ ಇರುವಾಗ ದುಡಿಯುವವರು ಹಾಸಿಗೆ ಹಿಡಿದರೆ ನಮ್ಮ ಉಡುಪಿ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಚಿನ್ನ ಇಡಿ, ಕಂತು ಮಾತ್ರ ತಪ್ಪಿಸಬೇಡಿ." ನಾವು ಚಿನ್ನ ಇಟ್ಟೆವು. ಬ್ಯಾಂಕಿಗೆ ಅರ್ಜಿಯನ್ನೂ ಕೊಟ್ಟೆವು, ಪಿಎಫ್ ತೆಗೆದೆವು, ಆಮೇಲೆ ಮನೆಯನ್ನೇ ಬಾಡಿಗೆಗೆ ಕೊಟ್ಟೆವು. ಯಾವುದು ಎಷ್ಟು ಭಾರ ಇಳಿಸಿತು, ಯಾವುದು ಎಷ್ಟು ಮಂಡೆಬಿಸಿ ತಂದಿತು ಅಂತ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸ್ಥಿತಿ. ಇಂದ್ರಾಳಿಯಲ್ಲಿ ಎರಡು ಬೆಡ್‌ರೂಮಿನ ಮನೆ, ಸಾಲ ಇಬ್ಬರ ಹೆಸರಲ್ಲಿ. ಬಾಕಿ 22 ಲಕ್ಷ, ಬಡ್ಡಿ ಶೇ 8.5, ಇನ್ನೂ 12 ವರ್ಷ. ಕಂತು ಸುಮಾರು 24,400 ರೂಪಾಯಿ. ಇವರು, ಅಂದರೆ ನನ್ನ ಗಂಡ, ಕಾರು ಶೋರೂಮಿನಲ್ಲಿ ಕೆಲಸಕ್ಕಿದ್ದರು. ಲಕ್ವ ಹೊಡೆದು ಬಲಗೈ ಮತ್ತು ಮಾತು ಎರಡೂ ಬಿದ್ದುಹೋಯಿತು. ರಜೆ ಮುಗಿದ ಕೂಡಲೇ ಸಂಬಳ ನಿಂತಿತು. ನಾನು ಖಾಸಗಿ ಶಾಲೆಯ ಟೀಚರ್. ನನ್ನ ಸಂಬಳ ಪೂರ್ತಿ ಹಾಕಿದರೂ ಕಂತಿಗೆ ಸಾಲದು. ಮೇಲೆ ಔಷಧಿ, ಫಿಸಿಯೋಥೆರಪಿ, ಊಟ.

ಚಿನ್ನದ ಒಳ್ಳೆಯ ಗುಣ ಏನೆಂದರೆ ಅದು ಪ್ರಶ್ನೆ ಕೇಳುವುದಿಲ್ಲ. ಬೆಳಿಗ್ಗೆ ಬಳೆ ತೆಗೆದುಕೊಂಡು ಹೋದರೆ ಮಧ್ಯಾಹ್ನದೊಳಗೆ ಹಣ ಖಾತೆಗೆ ಬರುತ್ತದೆ. ಸಂಬಳದ ಚೀಟಿ ಬೇಡ, ಕಾಯಿಲೆಯ ಕಥೆ ಹೇಳಬೇಕಾಗಿಲ್ಲ. ಬೆಲೆಯ ಮುಕ್ಕಾಲು ಪಾಲಿನ ಆಸುಪಾಸು ಸಾಲ ಸಿಗುತ್ತದೆ. ಬ್ಯಾಂಕಿನಲ್ಲಿ ಇಟ್ಟರೆ ಬಡ್ಡಿಯೂ ಮನೆಸಾಲಕ್ಕಿಂತ ಸ್ವಲ್ಪವೇ ಜಾಸ್ತಿ. ಫೈನಾನ್ಸ್ ಕಂಪನಿಗಳಲ್ಲಿ ಮಾತ್ರ ಅದು ಎಲ್ಲಿಗೆ ಬೇಕಾದರೂ ಏರಬಹುದು, ಒಪ್ಪಂದ ಓದದೆ ಸಹಿ ಹಾಕಬೇಡಿ.

ತೊಂದರೆ ಬಡ್ಡಿಯಲ್ಲಿ ಇಲ್ಲ, ಗಡುವಿನಲ್ಲಿ ಉಂಟು. ಸಾಮಾನ್ಯವಾಗಿ ಒಂದು ವರ್ಷದೊಳಗೆ ಅಸಲು ಮತ್ತು ಬಡ್ಡಿ ಒಟ್ಟಿಗೆ ಕಟ್ಟಬೇಕು. ಆರು ಕಂತನ್ನು ಚಿನ್ನದ ಸಾಲದಿಂದ ಕಟ್ಟಿದರೆ ಸುಮಾರು ಒಂದೂವರೆ ಲಕ್ಷ ಆಯಿತು. ವರ್ಷದ ಕೊನೆಗೆ ಅಷ್ಟು ದುಡ್ಡು ಎಲ್ಲಿಂದ? 12 ವರ್ಷದಲ್ಲಿ ನಿಧಾನವಾಗಿ ಕಟ್ಟಬಹುದಾದ ಸಾಲವನ್ನು ನಾವೇ ಒಂದು ವರ್ಷದ ಸಾಲವಾಗಿ ಬದಲಾಯಿಸಿಕೊಂಡ ಹಾಗೆ. ಬಡ್ಡಿ ಮಾತ್ರ ಕಟ್ಟಿ ನವೀಕರಿಸುವ ದಾರಿ ಇದ್ದರೂ ಅದಕ್ಕೆ ಬ್ಯಾಂಕ್ ಒಪ್ಪಬೇಕು. ಒಪ್ಪದಿದ್ದರೆ ಹರಾಜಿನ ನೋಟಿಸ್.

ಹಾಗಾಗಿ ನನ್ನ ಲೆಕ್ಕದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಸಂಬಳ ಮತ್ತೆ ಯಾವಾಗ ಬರುತ್ತದೆ ಅಂತ ಗೊತ್ತಾ? ಕಾಲು ಮುರಿದಿದೆ, ಬೈಪಾಸ್ ಆಗಿದೆ, ಮೂರು ತಿಂಗಳಲ್ಲಿ ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರ್ ಹೇಳಿದ್ದಾರೆ ಅಂದರೆ ಚಿನ್ನದಷ್ಟು ಸುಲಭದ ದಾರಿ ಇಲ್ಲ. ಲಕ್ವ, ಕ್ಯಾನ್ಸರ್, ಡಯಾಲಿಸಿಸ್ ಆದರೆ ತಾರೀಕು ಯಾರೂ ಹೇಳುವುದಿಲ್ಲ. ಅಂಥಲ್ಲಿ ಚಿನ್ನವನ್ನು ಕಂತಿಗೆ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ನಾವು ಇಟ್ಟದ್ದು ಬ್ಯಾಂಕಿನ ಉತ್ತರ ಬರುವ ತನಕ ಕಂತು ತಪ್ಪದ ಹಾಗೆ ನೋಡಿಕೊಳ್ಳಲಿಕ್ಕೆ ಮಾತ್ರ.

ಈಗ ಬ್ಯಾಂಕಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಉಡುಪಿ ಮತ್ತು ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳು ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇವುಗಳಲ್ಲಿ ಈಗ ಕೆನರಾ ಮತ್ತು ಕರ್ಣಾಟಕ ಬ್ಯಾಂಕಿನ ಹೆಸರು ಮಾತ್ರ ಉಳಿದಿದೆ. ಮ್ಯಾನೇಜರ್ ಪರಿಚಯ ಇದ್ದರೆ ಕೆಲಸ ಆಗುತ್ತದೆ ಎಂಬ ಹಿರಿಯರ ನಂಬಿಕೆ ಆ ಕಾಲದ್ದು. ಈಗ ಶಾಖೆಯವರು ಅರ್ಜಿಯನ್ನು ಮೇಲಕ್ಕೆ ಕಳಿಸುತ್ತಾರೆ, ತೀರ್ಮಾನ ಇನ್ನೆಲ್ಲೋ ಆಗುತ್ತದೆ. ಆದ್ದರಿಂದ ಬಾಯಿಮಾತು ಸಾಕಾಗುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ, ಸಂಬಳ ಇಲ್ಲದ ರಜೆಯ ಬಗ್ಗೆ ಕಂಪನಿಯ ಪತ್ರ, ನಮಗೆ ಏನು ಬೇಕು ಎಂಬ ಸ್ಪಷ್ಟ ಕೋರಿಕೆ, ಎಲ್ಲ ಬರಹದಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಬೇಕು.

ಕೊರೊನಾ ಕಾಲದಲ್ಲಿ, 2020ರ ಮಾರ್ಚ್‌ನಿಂದ ಆಗಸ್ಟ್ ತನಕ ಎಲ್ಲರಿಗೂ ಸಿಕ್ಕಿದ ಮೊರಟೋರಿಯಂ (ಕಂತು ಮುಂದೂಡುವ ಅವಕಾಶ) ಈಗಲೂ ಉಂಟು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಇಲ್ಲ. ಈಗ ಪ್ರತಿ ಬ್ಯಾಂಕ್ ತನ್ನ ನಿಯಮದ ಪ್ರಕಾರ, ಒಬ್ಬೊಬ್ಬರ ಅರ್ಜಿ ನೋಡಿ ತೀರ್ಮಾನಿಸುತ್ತದೆ. ಕೇಳಬಹುದಾದದ್ದು ಮೂರು.

ಅವಧಿ ಹೆಚ್ಚಿಸುವುದನ್ನು ಬ್ಯಾಂಕಿನವರು ತಾವಾಗಿಯೇ ಮೊದಲು ಹೇಳಿದರು. ಕೇಳಲು ಚೆನ್ನಾಗಿದೆ. ಇವರ ವಯಸ್ಸು ನೋಡಿ 12 ವರ್ಷವನ್ನು 16 ಮಾಡಬಹುದು ಅಂದರು. ಕಂತು 24,400ರಿಂದ ಸುಮಾರು 21,000ಕ್ಕೆ ಇಳಿಯುತ್ತದೆ. ತಿಂಗಳಿಗೆ ಉಳಿಯುವುದು 3,400 ಅಷ್ಟೇ. ಪೂರ್ತಿ ಅವಧಿ ಹಾಗೇ ಕಟ್ಟಿದರೆ ಒಟ್ಟು ಬಡ್ಡಿ ಐದು ಲಕ್ಷಕ್ಕೂ ಜಾಸ್ತಿ ಏರುತ್ತದೆ. ಸಂಬಳ ಪೂರ್ತಿ ನಿಂತ ಮನೆಗೆ ಇದರಿಂದ ಏನು ಉಪಯೋಗ, ಹೇಳಿ ಮಾರಾಯ್ರೇ.

ಪೂರ್ತಿ ಕಂತು ನಿಲ್ಲಿಸುವುದು ಎರಡನೆಯದು. ಆರು ತಿಂಗಳು ಏನೂ ಕಟ್ಟದಿದ್ದರೆ ಬಡ್ಡಿ ಸುಮಾರು 95,000 ಬೆಳೆದು ಅಸಲಿಗೆ ಸೇರುತ್ತದೆ. ಆಮೇಲೆ ಹಳೆಯ ಕಂತನ್ನೇ ಮುಂದುವರಿಸಿದರೆ ಕೊನೆಯಲ್ಲಿ ಹನ್ನೊಂದಕ್ಕೂ ಜಾಸ್ತಿ ಕಂತು ಹೆಚ್ಚುವರಿಯಾಗಿ ಬರುತ್ತದೆ. ಆರು ಬಿಟ್ಟದ್ದಕ್ಕೆ ಆ ಆರೂ ಕಟ್ಟಬೇಕು, ಜೊತೆಗೆ ಇನ್ನೂ ಹನ್ನೊಂದು.

ನಾವು ಕೇಳಿದ್ದು ಮೂರನೆಯದು, ಕೆಲವು ತಿಂಗಳು ಬಡ್ಡಿ ಮಾತ್ರ. 22 ಲಕ್ಷಕ್ಕೆ ತಿಂಗಳ ಬಡ್ಡಿ ಸುಮಾರು 15,600. ಅಂದರೆ ಕಂತಿನಲ್ಲಿ 8,800 ಇಳಿಯಿತು, ಅಸಲು ಇದ್ದಲ್ಲೇ ನಿಂತಿತು, ಬೆಳೆಯಲಿಲ್ಲ. ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳಲಿಲ್ಲ. ಹೆಸರು ಹಿಡಿದು ಕೇಳಿದ ಮೇಲೆ ಫೈಲು ಚಲಿಸಿತು, ಅದೂ ನಿಧಾನವಾಗಿ.

ಬ್ಯಾಂಕಿನ ಯಾವ ವಿನಾಯಿತಿಗೂ ಬೆಲೆ ಉಂಟು. ಮರುಹೊಂದಾಣಿಕೆ ಅಂತ ದಾಖಲಾದರೆ ನಮ್ಮ ಸಾಲದ ಚರಿತ್ರೆ ಇರುವ ಸಿಬಿಲ್ ವರದಿಯಲ್ಲಿ ಗುರುತು ಬೀಳುತ್ತದೆ, ಬ್ಯಾಂಕಿನ ಪುಸ್ತಕದಲ್ಲಿ ಸಾಲದ ದರ್ಜೆಯೂ ಇಳಿಯಬಹುದು. ಮುಂದೆ ಹೊಸ ಸಾಲ ಸಿಗುವುದು ಕಷ್ಟ. ನಮಗೆ ಆಗ ಹೊಸ ಸಾಲದ ಯೋಚನೆಯೇ ಇರಲಿಲ್ಲ, ಆದ್ದರಿಂದ ಇದು ದೊಡ್ಡ ಬೆಲೆ ಅನಿಸಲಿಲ್ಲ. ಮಗಳ ಓದಿಗೆ ವರ್ಷದೊಳಗೆ ಸಾಲ ಬೇಕು ಅನ್ನುವವರಿಗೆ ಇದೇ ಮಾತು ಬೇರೆ ಥರ ಕಾಣುತ್ತದೆ.

ಅರ್ಜಿ ಕೊಡದೆ ಸುಮ್ನೆ ಕಂತು ತಪ್ಪಿಸುವುದು ಇದಕ್ಕಿಂತ ಕೆಟ್ಟದ್ದು. ಆಟೋ ಡೆಬಿಟ್ ಬೌನ್ಸ್ ಆದರೆ ಖಾತೆ ಇರುವ ಬ್ಯಾಂಕ್, ಸಾಲ ಕೊಟ್ಟ ಬ್ಯಾಂಕ್ ಎರಡೂ ಕಡೆ ದಂಡ. ಚೆಕ್ ಬೌನ್ಸಿನ ಹಾಗೆ ಅದಕ್ಕೂ 2007ರ ಕಾನೂನಿನಲ್ಲಿ ಶಿಕ್ಷೆ ಇದೆ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಬಾಕಿ 90 ದಿನ ದಾಟಿದರೆ ಅದು ಕೆಟ್ಟ ಸಾಲ, ಬ್ಯಾಂಕಿನ ಭಾಷೆಯಲ್ಲಿ ಎನ್‌ಪಿಎ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸ್, ಅದರ ನಂತರ ಮನೆಯ ಸ್ವಾಧೀನ.

ಇನ್ನೊಂದು ವಿಷಯ, ಇದು ಲಕ್ವ ಹೊಡೆದ ಮನೆಯವರಿಗೆ ಮಾತ್ರ ಅರ್ಥವಾಗುವುದು. ಸಹಿ ಹಾಕುವ ಕೈಯೇ ಏಳದಿದ್ದರೆ ಯಾವ ಅರ್ಜಿಯೂ ಮುಂದೆ ಹೋಗುವುದಿಲ್ಲ. ಎಡಗೈಯಲ್ಲಿ ಗೀಚಿದ ಸಹಿ ಹೊಂದುವುದಿಲ್ಲ ಅಂತ ಒಂದು ಕಡೆ ವಾಪಸ್ ಕಳಿಸಿದರು. ಹೆಬ್ಬೆಟ್ಟಿನ ಗುರುತು ನಡೆಯುತ್ತದೆ. ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು. ಕಾಯಿಲೆಯ ಖಾತೆದಾರರಿಗೆ ರಿಸರ್ವ್ ಬ್ಯಾಂಕ್ ಈ ದಾರಿ ಇಟ್ಟಿದೆ. ಅದನ್ನು ಕೇಳಿ ಪಡೆಯಬೇಕು.

ಪಿಎಫ್ ವಿಷಯದಲ್ಲಿ ಈ ತಾಪತ್ರಯ ಇರಲಿಲ್ಲ. ಆಧಾರ್ ಒಟಿಪಿಯಲ್ಲಿ ಆನ್‌ಲೈನ್ ಅರ್ಜಿ ಹಾಕಿದೆವು. ಕಾಯಿಲೆಯ ಮುಂಗಡಕ್ಕೆ ನಾವು ತೆಗೆಯುವಾಗ ಇದ್ದ ಮಿತಿ, ಆರು ತಿಂಗಳ ಮೂಲವೇತನ ಮತ್ತು ಡಿಎ ಅಥವಾ ನೌಕರನ ಪಾಲು, ಯಾವುದು ಕಡಿಮೆಯೋ ಅದು. ವಾಪಸ್ ಕಟ್ಟಬೇಕಾಗಿಲ್ಲ. ಪಿಎಫ್ ಬಡ್ಡಿ ಶೇ 8.25, ನಮ್ಮ ಸಾಲದ ಬಡ್ಡಿ ಶೇ 8.5. ಹಾಗಾಗಿ ಅಲ್ಲಿಂದ ತೆಗೆದು ಇಲ್ಲಿ ಕಟ್ಟಿದರೆ ನಷ್ಟ ಇಲ್ಲ ಅಂತ ಅನಿಸಬಹುದು. ಆದರೆ ಆ ದುಡ್ಡನ್ನು ನಾನು ಕಂತಿಗೆ ಮುಟ್ಟಲಿಲ್ಲ, ಫಿಸಿಯೋಥೆರಪಿಗೆ ಇಟ್ಟೆ. ಲಕ್ವದಲ್ಲಿ ಮೊದಲ ಕೆಲವು ತಿಂಗಳ ವ್ಯಾಯಾಮವೇ ಮುಖ್ಯ ಅಂತ ಡಾಕ್ಟರ್ ಹೇಳಿದ್ದರು. ಕಂತನ್ನು ಮುಂದೂಡಬಹುದು, ಆ ತಿಂಗಳುಗಳನ್ನು ಮುಂದೂಡಲಾಗುವುದಿಲ್ಲ ಅಲ್ವಾ.

ಸಂಬಳ 21,000ದೊಳಗೆ ಇರುವವರಿಗೆ ನೌಕರರ ರಾಜ್ಯ ವಿಮೆ ಅಂದರೆ ಇಎಸ್‌ಐ ಇದ್ದರೆ ಅದನ್ನೇ ಮೊದಲು ನೋಡಿ. ಕಾಯಿಲೆ ರಜೆಗೆ ಸಂಬಳದ ಶೇ 70, ವರ್ಷಕ್ಕೆ 91 ದಿನ. ಕ್ಯಾನ್ಸರಿನಂಥ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಶೇ 80, ಎರಡು ವರ್ಷದ ತನಕ. ಇವರ ಸಂಬಳ ಆ ಮಿತಿ ದಾಟಿತ್ತು.

ಸಾಲದ ಜೊತೆ ಕಟ್ಟಿಸಿಕೊಂಡ ವಿಮೆ? ನಮ್ಮದು ಸತ್ತರೆ ಮಾತ್ರ ಕೊಡುವಂಥದ್ದು. ಬದುಕಿ ಉಳಿದವರಿಗೆ ಅದರಲ್ಲಿ ಏನೂ ಇಲ್ಲ. ಗಂಭೀರ ಕಾಯಿಲೆಯ ರೈಡರ್ (ವಿಮೆಗೆ ಸೇರಿಸಿಕೊಂಡ ಹೆಚ್ಚುವರಿ ರಕ್ಷಣೆ) ಇರುವವರು ಒಂದು ವಿಷಯ ತಿಳಿದಿರಿ. ಲಕ್ವ ಆದರೆ ನರಗಳ ಶಾಶ್ವತ ದೋಷ ಕನಿಷ್ಠ ಮೂರು ತಿಂಗಳು ಇದೆ ಅಂತ ದಾಖಲೆ ಕೊಡಬೇಕು. ಅಂದರೆ ಮೊದಲ ಮೂರು ಕಂತಿಗೆ ಆ ಹಣ ಬರುವುದಿಲ್ಲ.

ಚೀಟಿಯನ್ನು ಅರ್ಧದಲ್ಲಿ ಹರಾಜಿಗೆ ಕೂಗಿದರೆ ಕೈಗೆ ಬರುವುದು ಕಡಿಮೆ. ಪರ್ಸನಲ್ ಲೋನ್, ಮೊಬೈಲ್ ಆ್ಯಪ್ ಸಾಲ, ಕ್ರೆಡಿಟ್ ಕಾರ್ಡ್, ಇವುಗಳಿಂದ ಶೇ 8.5ರ ಸಾಲದ ಕಂತು ಕಟ್ಟುವುದೆಂದರೆ ಮೀನು ತರಲು ದೋಣಿ ಮಾರಿದ ಹಾಗೆ.

ಕೊನೆಯದು ಬಾಡಿಗೆ, ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ವಿರೋಧ ಬಂದದ್ದೂ ಇದಕ್ಕೇ. "ಸ್ವಂತ ಮನೆ ಬಿಟ್ಟು ತಾಯಿ ಮನೆಗೆ ಹೋಗುವುದಾ? ಜನ ಏನು ಹೇಳಬಹುದು?" ಅಂತ ಅತ್ತೆಗೆ ತುಂಬ ಬೇಸರವಾಯಿತು. ಆದರೆ ಮಣಿಪಾಲದ ಬುಡದಲ್ಲಿ ಮನೆ ಇದ್ದು ಅದನ್ನು ಬಾಡಿಗೆಗೆ ಕೊಡದೆ ಚಿನ್ನ ಅಡವು ಇಡುವುದು ನನಗೆ ಒಗ್ಗಲಿಲ್ಲ. ವಿದ್ಯಾರ್ಥಿಗಳಿಂದ ಹಿಡಿದು ಆಸ್ಪತ್ರೆಯ ಸಿಬ್ಬಂದಿ ತನಕ ಅಲ್ಲಿ ಬಾಡಿಗೆಗೆ ಕೇಳುವವರಿಗೆ ಬರ ಇಲ್ಲ. ಸಾಲದ ಒಪ್ಪಂದದಲ್ಲಿ ಇದ್ದ ಹಾಗೆ ಬ್ಯಾಂಕಿಗೆ ತಿಳಿಸಿ, ಹನ್ನೊಂದು ತಿಂಗಳ ಕರಾರು ಮಾಡಿ, ಒಂದು ಕುಟುಂಬಕ್ಕೆ 15,000ಕ್ಕೆ ಕೊಟ್ಟೆವು. ನಾವು ಹಿರಿಯಡ್ಕದ ಅಮ್ಮನ ಮನೆಗೆ ಹೋದೆವು. ಪರ್ಕಳದ ಮೇಲೆ ಮಣಿಪಾಲಕ್ಕೆ ನೇರ ಬಸ್ಸು ಇರುವುದರಿಂದ ಫಿಸಿಯೋಥೆರಪಿ ತಪ್ಪಲಿಲ್ಲ. ನನ್ನ ಶಾಲೆ ಮಾತ್ರ ದೂರವಾಯಿತು.

ಈಗ ಎರಡನ್ನು ಒಟ್ಟಿಗೆ ಇಟ್ಟು ನೋಡಿ. ಬಡ್ಡಿ ಮಾತ್ರದ ಕಂತು 15,600, ಬಾಡಿಗೆ 15,000. ನನ್ನ ಸಂಬಳದಿಂದ ಸಾಲಕ್ಕೆ ಹೋಗುವುದು 600 ರೂಪಾಯಿ. ಚಿನ್ನವಾಗಲಿ ಪಿಎಫ್ ಆಗಲಿ ಈ ಕೆಲಸ ಮಾಡಲಿಕ್ಕೆ ಸಾಧ್ಯವೇ ಇಲ್ಲ, ಏಕೆಂದರೆ ಅವು ಒಂದು ಸಲ ಬಂದು ಖರ್ಚಾಗಿ ಹೋಗುವ ಹಣ. ಬಾಡಿಗೆ ಪ್ರತಿ ತಿಂಗಳು ಬರುತ್ತದೆ, ಯಾರಿಗೂ ವಾಪಸ್ ಕೊಡಬೇಕಾಗಿಲ್ಲ. ತೆರಿಗೆ ಕಟ್ಟುವವರಿಗೆ ಒಂದು ಸಣ್ಣ ಲಾಭವೂ ಇದೆ. ಬಾಡಿಗೆ ಆದಾಯದಲ್ಲಿ ಮನೆಸಾಲದ ಬಡ್ಡಿಯನ್ನು ಹೊಸ ಪದ್ಧತಿಯಲ್ಲೂ ಕಳೆಯಬಹುದು.

ಇದು ಎಲ್ಲರಿಗೂ ಆಗುವುದಿಲ್ಲ. ಹೋಗಿ ಇರಲಿಕ್ಕೆ ಇನ್ನೊಂದು ಮನೆ ಬೇಕು, ಅಲ್ಲಿಂದ ಆಸ್ಪತ್ರೆ ಹತ್ತಿರ ಇರಬೇಕು, ಬಾಡಿಗೆಗೆ ಜನ ಸಿಗುವ ಜಾಗ ಆಗಬೇಕು. ಕಾರ್ಕಳದ ಒಳಗಿನ ಹಳ್ಳಿಯಲ್ಲಿ ಮನೆ ಕಟ್ಟಿಸಿದವರಿಗೆ 15,000 ಬಾಡಿಗೆ ಕನಸು. ಅವರು ಬ್ಯಾಂಕಿನ ಹತ್ತಿರವೇ ಜಾಸ್ತಿ ಗಟ್ಟಿಯಾಗಿ ಕೂರಬೇಕು.

ಬಡ್ಡಿ ಮಾತ್ರದ ಅವಧಿ ಮುಗಿದು ಕಂತು ಮತ್ತೆ 24,400 ಆಗಿದೆ. ಇವರು ಈಗ ಶೋರೂಮಿನಲ್ಲೇ ಅರ್ಧ ದಿನ ಕೂತು ಮಾಡುವ ಕೆಲಸಕ್ಕೆ ಹೋಗುತ್ತಾರೆ, ಅರ್ಧ ಸಂಬಳ. ಬಾಡಿಗೆ ಕರಾರನ್ನು ಇನ್ನೊಂದು ಸುತ್ತು ನವೀಕರಿಸಿದ್ದೇವೆ. ಬಳೆ ಬಿಡಿಸಿದ ಮೇಲೆ ಕೈಯಲ್ಲಿ ಉಳಿದದ್ದನ್ನು ಸಾಲದ ಅಸಲಿಗೆ ಕಟ್ಟುತ್ತಿದ್ದೇವೆ. ಬಡ್ಡಿ ಏರಿಳಿಯುವ ಮನೆಸಾಲಕ್ಕೆ ಹೀಗೆ ಮುಂಚಿತವಾಗಿ ಕಟ್ಟಿದರೆ ದಂಡ ಇಲ್ಲ. ಕಟ್ಟುವಾಗ ಮಾತ್ರ "ಕಂತು ಇಳಿಸುವುದು ಬೇಡ, ಅವಧಿ ಇಳಿಸಿ" ಅಂತ ಚೀಟಿಯಲ್ಲಿ ಬರೆದು ಕೊಡಿ.