ಮೈದಾನದ ಕನ್ಸರ್ಟ್, ಚೌಡಯ್ಯ ಹಾಲ್, ರಾಮನವಮಿ ಚಪ್ಪರ: ನನ್ನ ಓಟು ಚಪ್ಪರಕ್ಕೆ

ಹೋದ ವರ್ಷ ಮೂರು ಕಡೆ ಸಂಗೀತ ಕೇಳಿದೆ. ಮಗಳ ಜೊತೆ ಊರಾಚೆಯ ಮೈದಾನದಲ್ಲಿ ಸಿನಿಮಾ ಹಾಡುಗಳ ಕನ್ಸರ್ಟ್, ಚೌಡಯ್ಯ ಹಾಲ್‌ನಲ್ಲಿ ಸಿತಾರ್, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಛೇರಿಗಳು. ಮನಸ್ಸಿಗೆ ಹಿಡಿಸಿದ್ದು ಕೊನೆಯದು. ಅದಕ್ಕೆ ಅರ್ಧ ಕಾರಣ ಸಂಗೀತ. ಇನ್ನರ್ಧ, ಕನ್ಸರ್ಟ್‌ನಲ್ಲಿ ನನ್ನ ಕೈಗೆ ಕಟ್ಟಿದ ಒಂದು ಪಟ್ಟಿ.

ಆ ಪಟ್ಟಿಯ ಕಥೆ ಕೇಳಿ. ಟಿಕೆಟ್ ತಲಾ 3,500 ರೂಪಾಯಿ. ಗೇಟಿನಲ್ಲಿ ನೀರಿನ ಬಾಟಲಿ ಕಿತ್ತಿಟ್ಟುಕೊಂಡರು. ಒಳಗೆ ಅಂಗಡಿಗಳಲ್ಲಿ ನೋಟು ನಡೆಯುವುದಿಲ್ಲ. ಕೈಪಟ್ಟಿಗೆ ಕನಿಷ್ಠ 500 ರೂಪಾಯಿ ತುಂಬಿಸಿದರೆ ಮಾತ್ರ ನೀರು. ತುಂಬಿಸುವ ಕೌಂಟರ್ ಎರಡೇ, ಸಾಲು ಗೇಟಿನ ತನಕ. ನಮ್ಮ ಸರದಿ ಬಂದಾಗ ನೆಟ್‌ವರ್ಕ್ ಸತ್ತಿತ್ತು. ಖಾತೆಯಿಂದ ದುಡ್ಡು ಹೋಯಿತು, ಪಟ್ಟಿಗೆ ಬರಲಿಲ್ಲ. "ಅಂಕಲ್, ಇನ್ನೊಂದ್ಸಲ ಮಾಡಿ" ಅಂದ ಕೌಂಟರಿನ ಹುಡುಗ. ಮಾಡಿದೆ.

ಅಷ್ಟರಲ್ಲಿ ಮೂರು ಹಾಡು ಮುಗಿದಿದ್ದವು. ಎರಡು ಬಾಟಲಿ ನೀರಿಗೆ 160. ಉಳಿದ 340 ವಾಪಸ್ ಬೇಕಾದರೆ ಆಪ್‌ನಲ್ಲಿ ಅರ್ಜಿ ಹಾಕಬೇಕು, ಅದಕ್ಕೆ ಪಟ್ಟಿಯ ಹಿಂದಿನ ನಂಬರ್ ಬೇಕು. ಪಟ್ಟಿಯನ್ನೋ ನಾನು ಮನೆಗೆ ಬಂದ ಕೂಡಲೇ ಕತ್ತರಿಸಿ ಕಸಕ್ಕೆ ಹಾಕಿದ್ದೆ. ಮೊದಲು ಹೋದ 500? ಅದೂ ಇನ್ನೂ ಬಂದಿಲ್ಲ.

ಹಾಡು ಚೆನ್ನಾಗೇ ಇತ್ತು. ಅಷ್ಟು ಜನ ಒಟ್ಟಿಗೆ ಪಲ್ಲವಿ ಎತ್ತಿಕೊಂಡಾಗ ಮೈ ಜುಮ್ಮೆಂದಿದ್ದು ನಿಜ. ಆದರೆ ಗಾಯಕರನ್ನು ನೋಡಿದ್ದು ಪರದೆಯ ಮೇಲೆ.

ಸದ್ದಿನ ಮಟ್ಟಿಗೆ ಚೌಡಯ್ಯ ಹಾಲೇ ಮೇಲು. ಹಿಂದಿನ ಸಾಲಿನಲ್ಲಿ ಕೂತರೂ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಾದ, ಕಿವಿಗೆ ಬೀಳುತ್ತದೆ. ಹಿಂದೆ ಕೂತವರಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಹಾಕಿಕೊಂಡವರ ಹೆಸರಿನ ಹಾಲ್ ಅಲ್ವಾ! ತೊಂದರೆ ಒಂದೇ. ಬನಶಂಕರಿಯಿಂದ ಸಂಜೆ ಟ್ರಾಫಿಕ್ ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ಆಲಾಪ ಮುಗಿದಿರುತ್ತದೆ.

ಪಬ್ ಬ್ಯಾಂಡ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಿಂತು ಕೇಳಲು ನನ್ನ ಮಂಡಿ ಒಪ್ಪುವುದಿಲ್ಲ.

ಇನ್ನು ಚಪ್ಪರ. ಕುರ್ಚಿ ಪ್ಲಾಸ್ಟಿಕ್, ಸೊಳ್ಳೆ ಜಾಸ್ತಿ. ಏಪ್ರಿಲ್ ಮಳೆ ಹಿಡಿದರೆ ಆ ಸದ್ದಿನಲ್ಲಿ ಮೃದಂಗವೇ ಮುಳುಗುತ್ತದೆ. ತನಿ, ಅಂದರೆ ಮೃದಂಗದವರು ಒಬ್ಬರೇ ನುಡಿಸುವ ಭಾಗ, ಶುರುವಾದರೆ ಸಾಕು, ಅರ್ಧ ಜನ ಕಾಫಿಗೆ ಎದ್ದುಬಿಡುತ್ತಾರೆ. (ಒಂದು ದಿನ ನಾನೂ ಎದ್ದಿದ್ದೆ, ಸುಳ್ಳೇಕೆ.) ಆದರೂ ಶ್ರೀರಾಮಸೇವಾ ಮಂಡಳಿಯ ಈ ಉತ್ಸವ ಸುಮಾರು ತಿಂಗಳು ನಡೆಯುತ್ತದೆ. ಇವತ್ತು ಹಾಡುಗಾರಿಕೆ, ನಾಳೆ ಕೊಳಲು, ಇನ್ನೊಂದು ದಿನ ಹಿಂದೂಸ್ತಾನಿ. ದಿನದ ಟಿಕೆಟ್ ತೆಗೆದುಕೊಂಡೇ ಎಂಟು ಕಛೇರಿ ಕೇಳಿದೆ, ಆ 3,500ರ ಒಳಗೆ. ನೀರು ಮನೆಯದು. ಪಕ್ಕದಲ್ಲಿ ಕೂತ ಹಿರಿಯರೊಬ್ಬರು "ಇದು ನಾಯಕಿ, ದರ್ಬಾರ್ ಅಲ್ಲ" ಎಂದು ಪಿಸುಗುಟ್ಟಿದರು. ತಲೆಯಾಡಿಸಿದೆ. ಆ ಎರಡು ರಾಗಗಳ ವ್ಯತ್ಯಾಸ ನನಗೆ ಇವತ್ತಿಗೂ ತಿಳಿಯುವುದಿಲ್ಲ.

ಮುಗಿದ ಮೇಲೆ ನಾಲ್ಕು ಹೆಜ್ಜೆ ನಡೆದರೆ ಕೆ.ಆರ್. ಮಾರ್ಕೆಟ್ ಮೆಟ್ರೊ, ಅದೇ ಹಸಿರು ಮಾರ್ಗದಲ್ಲಿ ಬನಶಂಕರಿ. ಹತ್ತೂವರೆಗೆ ಮಲಗುವ ನನ್ನಂಥವನಿಗೆ ಇಷ್ಟು ಸಾಕು.

ಮಗಳು ಒಪ್ಪುವುದಿಲ್ಲ. ಮುಂದಿನ ತಿಂಗಳು ಇನ್ನೊಂದು ಕನ್ಸರ್ಟ್‌ಗೆ ಟಿಕೆಟ್ ಮಾಡಿಸಿದ್ದಾಳೆ, ತನ್ನ ಸಂಬಳದಲ್ಲಿ. ಕೈಪಟ್ಟಿ ಎಸೆಯಬೇಡ ಎಂದಷ್ಟೇ ಹೇಳಿದ್ದೇನೆ.