‘ಫ್ರಾಂಕೆನ್‌ಸ್ಟೈನ್’: ಯಾವ ಪ್ರತಿ ಕೊಳ್ಳಬೇಕು?

ವಿಕ್ಟರ್ ಎಂಬಾತ ಶವಗಳ ಭಾಗ ಜೋಡಿಸಿ ಜೀವಿಯೊಂದನ್ನು ಸೃಷ್ಟಿಸುವ ಮೇರಿ ಶೆಲ್ಲಿಯ ಈ ಕಾದಂಬರಿ ಒಂದೇ ಹೆಸರಿನಲ್ಲಿ ಎರಡು ಪಾಠಗಳಾಗಿ, ಅಂದರೆ ಎರಡು ಬೇರೆ ಪಠ್ಯಗಳಾಗಿ, ಮಾರಾಟವಾಗುತ್ತದೆ. ರಕ್ಷಾಪುಟ ನೋಡಿ ನಂಬಬೇಡಿ, ಪರಿವಿಡಿ ತೆರೆಯಿರಿ. ಅಧ್ಯಾಯಗಳು 1ರಿಂದ 24ರವರೆಗೆ ಸಲೀಸಾಗಿ ಸಾಗಿದ್ದರೆ ಅದು 1831ರ ಪರಿಷ್ಕೃತ ಪಾಠ. ಮೂರು ಸಂಪುಟಗಳಿದ್ದು, ಪ್ರತಿಯೊಂದರಲ್ಲೂ ಎಣಿಕೆ ಮತ್ತೆ 1ರಿಂದ ಶುರುವಾದರೆ 1818ರದು. ಅದರಲ್ಲಿ ವಿಕ್ಟರ್ ಮದುವೆಯಾಗುವ ಎಲಿಜಬೆತ್ ಅವನ ಸೋದರತ್ತೆಯ ಮಗಳು. 1831ರಲ್ಲಿ ಮನೆಗೆ ತಂದು ಸಾಕಿದ ಅನಾಥೆ.

ಕಾದಂಬರಿ ಹುಟ್ಟಿದ ಬಗೆಯನ್ನು ಮೇರಿ ಸ್ವತಃ ಹೇಳುವ ಪೀಠಿಕೆ 1831ರದು. 1818ರ ಮುನ್ನುಡಿಯನ್ನು ಬರೆದದ್ದು ಗಂಡ ಪರ್ಸಿ. ಹಾಗಾಗಿ 1818ರ ಪಾಠವಿದ್ದು, ಈ ಪೀಠಿಕೆಯನ್ನು ಅನುಬಂಧದಲ್ಲಿ ಕೊಟ್ಟಿರುವ ಪ್ರತಿಯನ್ನೇ ಹುಡುಕಿ. ಅಡಿಟಿಪ್ಪಣಿ ಇದ್ದರೆ ಇನ್ನೂ ಒಳ್ಳೆಯದು.

ಏಕೆಂದರೆ ಪೀಠಿಕೆಯ ವಿಜ್ಞಾನವನ್ನು ಎಚ್ಚರದಿಂದ ಓದಬೇಕು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಶಾವಿಗೆ ತಾನಾಗಿ ಅಲುಗಾಡಿತೆಂಬ ಪ್ರಯೋಗವನ್ನು ಅವಳು ವೈದ್ಯ ಎರಾಸ್ಮಸ್ ಡಾರ್ವಿನ್ (ಚಾರ್ಲ್ಸ್ ಡಾರ್ವಿನ್ನನ ಅಜ್ಜ) ಹೆಸರಿಗೆ ಹೇಳುತ್ತಾಳೆ. ಆದರೆ ಅವನು ಬರೆದದ್ದು ಹುಳಿಬಂದ ಹಿಟ್ಟಿನ ಅಂಟಿನಲ್ಲಿ ಕಾಣುವ ಸೂಕ್ಷ್ಮ ಹುಳುಗಳ ಬಗ್ಗೆ. ಜನ ಆಡಿಕೊಂಡದ್ದನ್ನು ಹೇಳುತ್ತಿದ್ದೇನೆ, ಅವನು ನಿಜಕ್ಕೂ ಮಾಡಿದ್ದನ್ನಲ್ಲ ಎಂದು ಮೇರಿಯೇ ಅಲ್ಲಿ ಒಪ್ಪಿದ್ದಾಳೆ. ಗ್ಯಾಲ್ವನಿಸಂ, ಅಂದರೆ ವಿದ್ಯುತ್ತಿನಿಂದ ಸತ್ತ ದೇಹವನ್ನು ಅಲುಗಿಸುವುದು, ಅದರ ಬಗ್ಗೆ ಅವಳಾಡಿದ ಮಾತು ಮಾತ್ರ ಗಟ್ಟಿ ನೆಲದ ಮೇಲಿದೆ: 1803ರಲ್ಲಿ ಲಂಡನ್ನಿನಲ್ಲಿ ಇಟಲಿಯ ವಿಜ್ಞಾನಿ ಜೊವಾನಿ ಅಲ್ದೀನಿ ಗಲ್ಲಿಗೇರಿದವನೊಬ್ಬನ ಶವಕ್ಕೆ ಬ್ಯಾಟರಿಯ ವಿದ್ಯುತ್ ಹಾಯಿಸಿದಾಗ ದವಡೆ ನಡುಗಿ, ಒಂದು ಕಣ್ಣು ತೆರೆದುಕೊಂಡಿತ್ತು. ಪೀಠಿಕೆಯಲ್ಲಿ ಅಲ್ದೀನಿಯ ಹೆಸರಿಲ್ಲ; ಕಾದಂಬರಿಯಲ್ಲಿ ಮೊದಲು ಅಲುಗುವುದು ಜೀವಿಯ ಮಂಕು ಹಳದಿ ಕಣ್ಣೇ.

ಸಿನಿಮಾ ನೋಡಿ ಬಂದವರಿಗೆ ಜೀವಿಗೆ ಜೀವ ಬರುವ ದೃಶ್ಯದಲ್ಲಿ ನಿರಾಸೆ. ಸಿಡಿಲಿಲ್ಲ, ಯಂತ್ರಗಳ ಸಾಲಿಲ್ಲ. ನವೆಂಬರಿನ ಮಳೆ, ಆರುತ್ತಿರುವ ಮೇಣದಬತ್ತಿ, ‘ಜೀವದ ಕಿಡಿ’, ಅಷ್ಟೇ. ದೇಹದ ಎತ್ತರ ಎಂಟಡಿ ಏಕೆಂಬುದಕ್ಕೆ ಮಾತ್ರ ಕಾರಣ ಕೊಟ್ಟಿದ್ದಾಳೆ: ಸಣ್ಣ ಭಾಗಗಳನ್ನು ಜೋಡಿಸುತ್ತ ಕೂತರೆ ಕೆಲಸ ನಿಧಾನವಾಗುತ್ತದೆ.

ಸಂಕೇತಗಳ ವಿಷಯದಲ್ಲಿ ಪೀಠಿಕೆ ಹೆಚ್ಚು ಕೊಡುತ್ತದೆ. ಹಿಂದೂಗಳು ಭೂಮಿಯನ್ನು ಆನೆಯ ಮೇಲೂ ಆನೆಯನ್ನು ಆಮೆಯ ಮೇಲೂ ನಿಲ್ಲಿಸುತ್ತಾರೆ ಎಂದು ನೆನಪಿಸಿ, ಸೃಷ್ಟಿ ಶೂನ್ಯದಿಂದಲ್ಲ, ಇರುವ ಗೊಂದಲದಿಂದ ಎನ್ನುತ್ತಾಳೆ. ಸುಡುಗಾಡಿನ ಮೂಳೆ ಆಯುವ ವಿಕ್ಟರ್‌ಗೂ ಬರೆಯುವವಳಿಗೂ ಕಸುಬು ಒಂದೇ ಆಗುವುದು ಅಲ್ಲಿ.

ಪೀಠಿಕೆಯನ್ನು ಕೊನೆಗೆ ಓದಿ. ಆಮೇಲೆ ಸಿಡಿಲಿಗೆ ಸಿಗಿದ ಓಕ್ ಮರದ ಪ್ರಸಂಗವನ್ನು ಎರಡೂ ಪಾಠಗಳಲ್ಲಿ ಹೋಲಿಸಿ. 1818ರಲ್ಲಿ ವಿದ್ಯುತ್ತನ್ನು ವಿವರಿಸುವವನು ವಿಕ್ಟರನ ಅಪ್ಪ, ಗಾಳಿಪಟ ಹಾರಿಸಿ. 1831ರಲ್ಲಿ ಅತಿಥಿ ಪಂಡಿತನೊಬ್ಬ ಗ್ಯಾಲ್ವನಿಸಂ ಬಗ್ಗೆ ಮಾತಾಡುತ್ತಾನೆ. ಪೀಠಿಕೆಗೆ ತಕ್ಕಂತೆ ಕಥೆಯನ್ನೇ ತಿದ್ದಿದಂತಿದೆ. ವಿಜ್ಞಾನ ಚೊಕ್ಕವಾಯಿತು, ಅಪ್ಪನ ಪಾತ್ರ ಸೊರಗಿತು.